ಸೈಕಲ್ಲಿಗೆ ಗಾಳಿಯಿಲ್ಲದ ಟಯರ್ ಕೂರಿಸುವುದು: ಅಳತೆಯಿಂದ ಮೊದಲ ಸವಾರಿಯವರೆಗೆ

ಗಾಳಿಯಿಲ್ಲದ ಟಯರ್ (ಗಾಳಿಯ ಬದಲು ಫೋಮು ಅಥವಾ ರಬ್ಬರೇ ಭಾರ ಹೊರುವ, ಪಂಕ್ಚರ್ ಆಗದ ಟಯರ್) ಕೊಂಡು ತಂದು ಮನೆಯಲ್ಲೇ ಕೂರಿಸಲು ಹೊರಟವರು ಸೋಲುವುದು ಬಹುಮಟ್ಟಿಗೆ ಒಂದೇ ಜಾಗದಲ್ಲಿ. ಟಯರಿನ ಮುಕ್ಕಾಲು ಭಾಗ ರಿಮ್ಮಿಗೆ ಸಲೀಸಾಗಿ ಕೂರುತ್ತದೆ. ಕೊನೆಯ ಒಂದು ಗೇಣು ಏನು ಮಾಡಿದರೂ ಒಳಗೆ ಹೋಗುವುದಿಲ್ಲ. ಆಗ ಸ್ಕ್ರೂಡ್ರೈವರ್ ಬರುತ್ತದೆ, ಅದರ ಹಿಂದೆ ಸುತ್ತಿಗೆ ಬರುತ್ತದೆ, ಕೊನೆಗೆ ಟಯರಿನ ಅಂಚು ಹರಿಯುತ್ತದೆ ಇಲ್ಲವೇ ರಿಮ್ಮಿನ ತುಟಿ ಬಾಗುತ್ತದೆ. ಇನ್ನು ಕೆಲವರಿಗೆ ಟಯರ್ ಸುಲಭವಾಗಿಯೇ ಕೂತು, ಮೂರು ನಾಲ್ಕು ದಿನಗಳಲ್ಲಿ ಯಾವುದೋ ತಿರುವಿನಲ್ಲಿ ರಿಮ್ಮಿನಿಂದ ಕಳಚಿಕೊಳ್ಳುತ್ತದೆ. ಎರಡಕ್ಕೂ ಮೂಲ ಒಂದೇ: ಅಳತೆ ತೆಗೆಯದೆ ಕೊಂಡದ್ದು ಮತ್ತು ಕೂರಿಸುವ ಸರದಿ ತಪ್ಪಿದ್ದು. ಆದ್ದರಿಂದ ಇಲ್ಲಿ ಹೇಳಿರುವ ಕೆಲಸದ ಅರ್ಧದಷ್ಟು ಟಯರನ್ನು ಕೈಗೆತ್ತಿಕೊಳ್ಳುವ ಮೊದಲೇ ಮುಗಿಯಬೇಕು.

## ಹಂತ 1: ನಿಮ್ಮ ಸೈಕಲ್ಲಿಗೆ ಇದು ಹೊಂದುತ್ತದೆಯೇ ಎಂದು ನಿರ್ಧರಿಸುವುದು

ನೆಗ್ಗಿಲು ಮುಳ್ಳು ಹರಡಿರುವ ಹೊಲದ ಹಾದಿಯಲ್ಲೋ, ಬಳ್ಳಾರಿ ಜಾಲಿ ಕಡಿದು ಬೇಲಿ ಹಾಕಿರುವ ಊರಿನಲ್ಲೋ ದಿನವೂ ಮೂರು ನಾಲ್ಕು ಕಿಲೋಮೀಟರ್ ಓಡಾಡುವವರಿಗೆ ಈ ಟಯರ್ ನಿಜಕ್ಕೂ ಉಪಕಾರಿ. ಪಂಕ್ಚರ್ ಅಂಗಡಿ ದೂರವಿರುವ ಕಡೆ, ಅಥವಾ ಹೊತ್ತಿಗೆ ಸರಿಯಾಗಿ ತಲುಪಲೇಬೇಕಾದ ಕೆಲಸದಲ್ಲಿ, ಮುಂದೆ ಹೇಳಲಿರುವ ಅನನುಕೂಲಗಳನ್ನು ಸಹಿಸಿಕೊಳ್ಳಬಹುದು. ದಿನಕ್ಕೆ ಮೂವತ್ತು ನಲವತ್ತು ಕಿಲೋಮೀಟರ್ ತುಳಿಯುವವರಿಗೆ ಇದನ್ನು ನಾನು ಸೂಚಿಸುವುದಿಲ್ಲ. ಗಾಳಿಯು ಒತ್ತಿದ ಬಲವನ್ನು ಬಹುಪಾಲು ಹಿಂದಿರುಗಿಸುತ್ತದೆ. ಫೋಮ್ ಅಥವಾ ರಬ್ಬರು ಒತ್ತಿಸಿಕೊಂಡಾಗಲೆಲ್ಲ ಗಾಳಿಗಿಂತ ಹೆಚ್ಚು ಪಾಲನ್ನು ಶಾಖವಾಗಿ ಕಳೆಯುತ್ತದೆ. ಆ ನಷ್ಟವನ್ನು ಪ್ರತಿ ಸುತ್ತಿನಲ್ಲೂ ನಿಮ್ಮ ಕಾಲುಗಳೇ ತುಂಬಿಕೊಡಬೇಕಾಗುತ್ತದೆ.

ಕ್ಯಾರಿಯರ್ ಮೇಲೆ ಹಾಲಿನ ಕ್ಯಾನು, ಗ್ಯಾಸ್ ಸಿಲಿಂಡರ್, ಮೇವಿನ ಹೊರೆ ಹೇರುವ ಸೈಕಲ್ಲಿಗೂ ಇದು ತಕ್ಕುದಲ್ಲ. ಗಾಳಿಯ ಮೆತ್ತೆ ಇಲ್ಲದಿರುವುದರಿಂದ ಗುಂಡಿಯ ಪೆಟ್ಟು ನೇರವಾಗಿ ರಿಮ್ಮಿಗೆ, ರಿಮ್ಮಿನಿಂದ ಕಡ್ಡಿಗಳಿಗೆ ಇಳಿಯುತ್ತದೆ, ಮತ್ತು ಹಿಂದಿನ ಚಕ್ರದ ಕಡ್ಡಿಗಳು ಒಂದೊಂದಾಗಿ ತುಂಡಾಗತೊಡಗುತ್ತವೆ. ಮಳೆಗಾಲದ ಮಲೆನಾಡಿನಲ್ಲಿ, ಪಾಚಿ ಕಟ್ಟಿದ ಇಳಿಜಾರುಗಳಲ್ಲಿ ಓಡಾಡುವವರು ಕೂಡ ಎರಡು ಬಾರಿ ಯೋಚಿಸಬೇಕು, ಏಕೆಂದರೆ ಗಟ್ಟಿ ಟಯರುಗಳ ಹಿಡಿತ ಒದ್ದೆ ನೆಲದಲ್ಲಿ ಸಾಮಾನ್ಯವಾಗಿ ಕಡಿಮೆ.

ಮಾರುಕಟ್ಟೆಯಲ್ಲಿ ಮುಖ್ಯವಾಗಿ ಮೂರು ಬಗೆಗಳಿವೆ. ಮೊದಲನೆಯದು ಪೂರ್ಣ ಗಟ್ಟಿ ಟಯರು. ಇದರಲ್ಲಿ ಟಯರು, ಟ್ಯೂಬು ಎಂಬ ಭೇದವಿಲ್ಲ, ಪಾಲಿಯುರಿಥೇನ್ ಅಥವಾ ಅಂಥದೇ ಫೋಮಿನ ಒಂದೇ ಉಂಗುರ ರಿಮ್ಮಿನ ಮೇಲೆ ಬಿಗಿಯಾಗಿ ಕೂತು, ಹಲವು ಮಾದರಿಗಳಲ್ಲಿ ಪ್ಲಾಸ್ಟಿಕ್ ಪಿನ್ನುಗಳಿಂದ ಹಿಡಿದುಕೊಳ್ಳುತ್ತದೆ. ಎರಡನೆಯದು ಗಟ್ಟಿ ಟ್ಯೂಬು. ನಿಮ್ಮ ಹಳೆಯ ಟಯರು ಹಾಗೆಯೇ ಉಳಿದು, ಗಾಳಿ ತುಂಬುವ ಟ್ಯೂಬಿನ ಬದಲು ಫೋಮಿನ ಉಂಗುರ ಒಳಗೆ ಸೇರುತ್ತದೆ. ಮೂರನೆಯದು ಪಕ್ಕದಲ್ಲಿ ಸಾಲು ತೂತುಗಳಿರುವ ಜೇನುಗೂಡು ಟಯರು, ಇದು ಹೆಚ್ಚಾಗಿ ನಿಂತು ಓಡಿಸುವ ಸಣ್ಣ ವಿದ್ಯುತ್ ಸ್ಕೂಟರುಗಳಿಗೆ. ಟಯರಿಗೂ ಟ್ಯೂಬಿಗೂ ನಡುವೆ ಇಡುವ ಮುಳ್ಳುತಡೆ ಪಟ್ಟಿಯನ್ನು ಕೆಲವು ಅಂಗಡಿಗಳು ಏರ್‌ಲೆಸ್ ಎಂಬ ಹೆಸರಿನಲ್ಲೇ ಮಾರುತ್ತವೆ. ಅದಕ್ಕೆ ಗಾಳಿ ಬೇಕೇ ಬೇಕು, ಮೋಸಹೋಗಬೇಡಿ.

ರಿಮ್ಮಿನ ಒಳ ಅಂಚು ಕೊಕ್ಕೆಯಂತೆ ಒಳಮುಖವಾಗಿ ಬಾಗಿರುವ ಈಗಿನ ಸೈಕಲ್ಲುಗಳಿಗೆ ಪಿನ್ನಿನ ಪೂರ್ಣ ಟಯರು ಹೊಂದುತ್ತದೆ. ರಾಡ್ ಬ್ರೇಕಿನ ದೊಡ್ಡ ಸೈಕಲ್ಲಿನ ರಿಮ್ಮಿನ ಅಂಚು ಹೊರಕ್ಕೆ ಸುರುಳಿ ಸುತ್ತಿಕೊಂಡಿರುತ್ತದೆ. ಕೊಕ್ಕೆ ರಿಮ್ಮಿಗೆಂದು ಮಾಡಿದ ಪಿನ್ನುಗಳನ್ನು ಅಲ್ಲಿ ನಂಬಬಾರದು. ಅಂಥ ಸೈಕಲ್ಲಿಗೆ ಗಟ್ಟಿ ಟ್ಯೂಬನ್ನೇ ಆರಿಸಿಕೊಳ್ಳಿ.

## ಹಂತ 2: ಮೂರು ಅಳತೆಗಳು

ಮೊದಲ ಅಳತೆ ವ್ಯಾಸ. ಟಯರಿನ ಮೇಲೆ ದೊಡ್ಡದಾಗಿ ಬರೆದಿರುವ ಇಂಚಿನ ಲೆಕ್ಕವನ್ನು ನಂಬಿ ಕೊಳ್ಳಬಾರದು. 26 ಇಂಚು ಎಂಬ ಒಂದೇ ಹೆಸರಿನಲ್ಲಿ 559, 584, 590 ಮಿ.ಮೀ. ವ್ಯಾಸದ ಬೇರೆ ಬೇರೆ ರಿಮ್ಮುಗಳಿವೆ, ಅವು ಒಂದಕ್ಕೊಂದು ಹೊಂದುವುದಿಲ್ಲ. ಇನ್ನೂ ವಿಚಿತ್ರವೆಂದರೆ 26 × 1.75 ಎಂದು ದಶಮಾಂಶದಲ್ಲಿ ಬರೆದ ಟಯರಿನ ರಿಮ್ಮು 559 ಮಿ.ಮೀ.ನದು, 26 × 1¾ ಎಂದು ಭಿನ್ನರಾಶಿಯಲ್ಲಿ ಬರೆದದ್ದು 571 ಮಿ.ಮೀ.ನದು. ಗಣಿತದ ಮೇಷ್ಟರಿಗೆ ಎರಡೂ ಒಂದೇ, ಸೈಕಲ್ಲಿಗೆ ಅಲ್ಲ. ಗಾಳಿಯ ಟಯರಿನ ಪಕ್ಕದಲ್ಲಿ ಇನ್ನೊಂದು ಸಣ್ಣ ಬರಹವಿರುತ್ತದೆ, ಉದಾಹರಣೆಗೆ 37-622 ಅಥವಾ 40-635. ಅದರಲ್ಲಿ ಮೊದಲ ಸಂಖ್ಯೆ ಟಯರಿನ ಅಗಲ, ಎರಡನೆಯದು ಟಯರಿನ ಅಂಚು ರಿಮ್ಮಿನಲ್ಲಿ ಕೂರುವ ಜಾಗದ ವ್ಯಾಸ, ಎರಡೂ ಮಿಲಿಮೀಟರಿನಲ್ಲಿ. ಕೊಳ್ಳುವಾಗ ಹೇಳಬೇಕಾದದ್ದು ಈ ಸಂಖ್ಯೆ. 28 × 1½ ಎಂಬ ಹಳೆಯ ದೊಡ್ಡ ಸೈಕಲ್ಲಿನದು 635, 700 ಸಿ ಎಂದೂ 29 ಇಂಚು ಎಂದೂ ಕರೆಯುವವು ಎರಡೂ 622, 27.5 ಇಂಚಿನದು 584.

ಬರಹ ಸವೆದುಹೋಗಿದ್ದರೆ ಟಯರು ಬಿಚ್ಚಿ ರಿಮ್ಮಿನ ಹೊರ ಅಂಚಿನಿಂದ ಎದುರಿನ ಹೊರ ಅಂಚಿಗೆ ಟೇಪು ಹಿಡಿಯಿರಿ. ಬಳಿಕ ಆ ಅಂಚಿನ ತುದಿಯಿಂದ ಟಯರು ಕೂರುವ ಮೆಟ್ಟಿಲಿನವರೆಗಿನ ಆಳವನ್ನು ವರ್ನಿಯರ್ ಕ್ಯಾಲಿಪರಿನ ಹಿಂಬದಿಯ ಕಡ್ಡಿಯಿಂದ ಅಳೆದು, ಅದರ ಎರಡರಷ್ಟನ್ನು ಕಳೆಯಿರಿ. ಸಿಗುವ ಸಂಖ್ಯೆ ಮೇಲೆ ಹೇಳಿದವುಗಳಲ್ಲಿ ಯಾವುದೋ ಒಂದಕ್ಕೆ ಒಂದೆರಡು ಮಿಲಿಮೀಟರಿನ ಹತ್ತಿರ ಬರಬೇಕು. ಬರದಿದ್ದರೆ ಮತ್ತೆ ಅಳೆಯಿರಿ, ಅಂದಾಜಿನ ಮೇಲೆ ಕೊಳ್ಳಬೇಡಿ.

ಎರಡನೆಯ ಅಳತೆ ರಿಮ್ಮಿನ ಒಳ ಅಗಲ, ಅಂದರೆ ಎರಡು ಅಂಚುಗಳ ಒಳಮೈಗಳ ನಡುವಿನ ಅಂತರ. ಪಿನ್ನಿನ ಟಯರಿಗೆ ಇದೇ ಪ್ರಾಣ, ಏಕೆಂದರೆ ಪಿನ್ನುಗಳ ಉದ್ದ ಈ ಅಗಲಕ್ಕೆ ತಕ್ಕಂತೆ ಬೇರೆ ಬೇರೆ ಇರುತ್ತದೆ. ನನ್ನ ಮೊದಲ ಪ್ರಯತ್ನದಲ್ಲಿ ನಾನು ಅಳೆದದ್ದು ಹೊರ ಅಗಲವನ್ನು. 24 ಮಿ.ಮೀ. ಬಂತು, ಅದಕ್ಕೆ ತಕ್ಕ ಪಿನ್ನು ತರಿಸಿದೆ. ನಿಜವಾದ ಒಳ ಅಗಲ 19 ಇತ್ತು. ಪಿನ್ನು ಒಳಗೆ ಹೋಗದಿದ್ದಾಗ ಅಳತೆಯನ್ನು ಅನುಮಾನಿಸುವ ಬದಲು ಪಿನ್ನಿನ ತುದಿಗಳನ್ನು ಬ್ಲೇಡಿನಿಂದ ಕೆತ್ತಿ ತುರುಕಿದೆ. ಮೂರನೆಯ ದಿನ ಮನೆಯ ಗೇಟಿಗೆ ತಿರುಗಿಸುವಾಗ ಹಿಂದಿನ ಟಯರು ಒಂದು ಮೊಳದಷ್ಟು ಉದ್ದಕ್ಕೆ ರಿಮ್ಮಿನಿಂದ ಪಕ್ಕಕ್ಕೆ ಜಾರಿ ಚೈನ್ ಸ್ಟೇಗೆ (ಪೆಡಲಿನ ಬುಡದಿಂದ ಹಿಂದಿನ ಆಕ್ಸಲಿಗೆ ಹೋಗುವ ಕೊಳವೆಗೆ) ಸಿಕ್ಕಿಕೊಂಡಿತು. ವೇಗವಿಲ್ಲದ್ದರಿಂದ ಮೊಣಕೈ ತರಚಿದ್ದಷ್ಟೇ ಆಯಿತು. ಒಳ ಅಗಲವನ್ನು ಕ್ಯಾಲಿಪರಿನ ಮೇಲಿನ ಚಿಕ್ಕ ದವಡೆಗಳಿಂದ, ರಿಮ್ಮಿನ ನಾಲ್ಕು ಕಡೆ ಅಳೆಯಿರಿ. ನಾಲ್ಕೂ ಅಳತೆಗಳಲ್ಲಿ ಅರ್ಧ ಮಿಲಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಕಂಡರೆ ರಿಮ್ಮಿನ ತುಟಿ ಎಲ್ಲೋ ಬಾಗಿದೆ ಎಂದರ್ಥ, ಅದನ್ನು ಸರಿಪಡಿಸದೆ ಮುಂದುವರಿಯಬಾರದು.

ಮೂರನೆಯದು ಸೈಕಲ್ಲಿನಲ್ಲಿರುವ ಜಾಗ. ಚಕ್ರ ಕೂತ ಬಳಿಕ ಫೋರ್ಕಿನ ಎರಡು ಕಾಲುಗಳ ನಡುವೆ, ಮಡ್‌ಗಾರ್ಡಿನ ಕೆಳಗೆ, ಬ್ರೇಕ್ ಕಟ್ಟೆಗಳ (ರಿಮ್ಮಿಗೆ ಒತ್ತುವ ರಬ್ಬರು ತುಂಡುಗಳ) ನಡುವೆ ಎಷ್ಟು ಅಂತರವಿದೆ ಎಂದು ನೋಡಿಕೊಳ್ಳಿ. ಗಾಳಿಯ ಟಯರಿನ ಚಕ್ರ ಬ್ರೇಕಿನ ನಡುವೆ ತೂರದಿದ್ದರೆ ಗಾಳಿ ಬಿಟ್ಟು ತೂರಿಸುತ್ತಿದ್ದಿರಿ. ಇಲ್ಲಿ ಬಿಡಲು ಗಾಳಿಯೇ ಇಲ್ಲ.

## ಹಂತ 3: ಸಾಮಾನು ಹೊಂದಿಸಿಕೊಳ್ಳುವುದು

ಬೇಕಾದವು ಇಷ್ಟು: ಚಕ್ರ ಬಿಚ್ಚಲು ಪಾನಾ, ಮೂರು ಟಯರ್ ಲಿವರುಗಳು, ಸಾಧ್ಯವಾದರೆ ಗಟ್ಟಿ ಪ್ಲಾಸ್ಟಿಕ್ಕಿನವು, ವರ್ನಿಯರ್ ಕ್ಯಾಲಿಪರ್, ನಿಪ್ಪಲ್ ಕೀ (ಕಡ್ಡಿಗಳನ್ನು ರಿಮ್ಮಿಗೆ ಹಿಡಿದಿಡುವ ನಿಪ್ಪಲುಗಳನ್ನು ತಿರುಗಿಸಲು), ಹತ್ತು ಅಗಲವಾದ ಕೇಬಲ್ ಟೈಗಳು ಅಥವಾ ಲಗೇಜು ಬಿಗಿಯುವ ಎರಡು ಪಟ್ಟಿಗಳು, ಹಿಡಿತವಿರುವ ಕೈಗವಸು, ಚಕ್ರದ ಕೆಳಗೆ ಹಾಸಲು ಹಳೆಯ ಗೋಣಿಚೀಲ, ಪಿನ್ನಿನ ಟಯರಾದರೆ ಅದರೊಂದಿಗೇ ಬರುವ ಒತ್ತುಗೋಲು. ಜೊತೆಗೆ ಒಂದು ಬಿಳಿ ಪೇಂಟ್ ಮಾರ್ಕರ್. ಇದನ್ನು ಅನೇಕರು ಅನಗತ್ಯವೆಂದು ಬಿಡುತ್ತಾರೆ, ಅದರ ಉಪಯೋಗ ಆರನೆಯ ಹಂತದಲ್ಲಿ ತಿಳಿಯುತ್ತದೆ.

ಸ್ಕ್ರೂಡ್ರೈವರನ್ನು ಹತ್ತಿರವೂ ಇಟ್ಟುಕೊಳ್ಳಬೇಡಿ. ಎಣ್ಣೆ, ಗ್ರೀಸು, ಸೀಮೆಎಣ್ಣೆಗಳಂತೂ ಬೇಡವೇ ಬೇಡ. ಅವು ರಬ್ಬರನ್ನು ಉಬ್ಬಿಸಿ ಕೆಡಿಸುತ್ತವೆ, ಒಣಗುವುದೂ ಇಲ್ಲ. ಜಾರಿಕೆ ಬೇಕಾದಲ್ಲಿ ತೆಳುವಾದ ಸೋಪಿನ ನೀರು ಸಾಕು.

## ಹಂತ 4: ಚಕ್ರವನ್ನು ಸಿದ್ಧಗೊಳಿಸುವುದು

ಚಕ್ರ ಬಿಚ್ಚಿ, ಹಳೆಯ ಟಯರು ಮತ್ತು ಟ್ಯೂಬನ್ನು ತೆಗೆದು ಎಸೆಯದೆ ಎತ್ತಿಡಿ. ಈಗ ಬರಿಯ ರಿಮ್ಮನ್ನು ತಿರುಗಿಸಿ ಬೆಂಡಿದೆಯೇ ನೋಡಿ. ಬೆಂಡ್ ತೆಗೆಸುವುದಿದ್ದರೆ ಇದೇ ಸಮಯ, ಏಕೆಂದರೆ ಗಟ್ಟಿ ಟಯರು ಕೂತ ಮೇಲೆ ಕಡ್ಡಿ ತುಂಡಾಗಿ ನಿಪ್ಪಲನ್ನು ಬದಲಿಸಬೇಕಾಗಿ ಬಂದರೆ ಇಡೀ ಟಯರನ್ನು ಮತ್ತೆ ಬಿಚ್ಚಬೇಕಾಗುತ್ತದೆ. ಎರಡೆರಡು ಕಡ್ಡಿಗಳನ್ನು ಜೊತೆಯಾಗಿ ಹಿಡಿದು ಹಿಸುಕುತ್ತ ಚಕ್ರದ ಸುತ್ತ ಬನ್ನಿ. ಒಂದು ಜೋಡಿ ಉಳಿದವಕ್ಕಿಂತ ಮೆತ್ತಗಿದ್ದರೆ ಅದನ್ನು ಬಿಗಿ ಮಾಡಿಸಿ. ತುಕ್ಕು ಹಿಡಿದು ತಿರುಗದ ನಿಪ್ಪಲುಗಳಿದ್ದರೆ ಬದಲಿಸಿಬಿಡಿ.

ರಿಮ್ಮಿನ ಒಳಭಾಗದ ಮಣ್ಣು, ತುಕ್ಕು, ಹಳೆಯ ಅಂಟನ್ನು ತೊಳೆದು, ಪೂರ್ತಿ ಒಣಗಿಸಿ. ರಿಮ್ಮಿನೊಳಗಿನ ದಪ್ಪ ಬಟ್ಟೆಯ ಪಟ್ಟಿ ಇದ್ದದ್ದು ನಿಪ್ಪಲಿನ ತುದಿ ಟ್ಯೂಬಿಗೆ ಚುಚ್ಚದಿರಲೆಂದು. ಪೂರ್ಣ ಗಟ್ಟಿ ಟಯರಿಗೆ ಅದರ ಅಗತ್ಯವಿಲ್ಲ, ಮೇಲಾಗಿ ಟಯರು ಆಳಕ್ಕೆ ಕೂರದಂತೆ ಅದು ತಡೆಯುತ್ತದೆ. ಅದನ್ನು ತೆಗೆದು, ವಾಲ್ವಿನ ತೂತಿಗೆ ಮತ್ತು ನಿಪ್ಪಲುಗಳ ಮೇಲೆ ತೆಳುವಾದ ಟೇಪು ಅಂಟಿಸಿದರೆ ನೀರು ಒಳಗಿಳಿಯದು. ಗಟ್ಟಿ ಟ್ಯೂಬು ಹಾಕುವವರು ಪಟ್ಟಿಯನ್ನು ಹಾಗೆಯೇ ಬಿಡಬಹುದು.

## ಹಂತ 5: ಕೂರಿಸುವುದು

ಮೊದಲು ಯಾವ ಚಕ್ರ ಎಂಬ ಪ್ರಶ್ನೆಗೆ ನನ್ನ ಉತ್ತರ ಹಿಂದಿನ ಚಕ್ರ, ಅದೂ ಮೊದಲ ಒಂದು ತಿಂಗಳು ಅದಕ್ಕೆ ಮಾತ್ರ. ಭಾರ ಹೆಚ್ಚಾಗಿ ಬೀಳುವುದು ಅಲ್ಲಿ. ಏನಾದರೂ ಜಾರಿದರೂ ಹಿಂದಿನ ಚಕ್ರ ಜಾರಿದಾಗ ಸಾವರಿಸಿಕೊಳ್ಳುವ ಅವಕಾಶ ಇರುತ್ತದೆ, ಮುಂದಿನದು ಜಾರಿದರೆ ಇರುವುದಿಲ್ಲ.

ಪಿನ್ನಿನ ಪೂರ್ಣ ಟಯರು. ಟಯರನ್ನು ಅರ್ಧ ಗಂಟೆ ಬಿಸಿಲಿನಲ್ಲಿಡಿ, ಅಥವಾ ಸ್ನಾನದ ಹಂಡೆಯ ನೀರಿಗಿಂತ ತುಸು ಹೆಚ್ಚು ಬಿಸಿಯಾದ ನೀರಿನಲ್ಲಿ ಹತ್ತು ನಿಮಿಷ ಮುಳುಗಿಸಿ ಒರೆಸಿ. ತಯಾರಕರ ಚೀಟಿಯಲ್ಲಿ ಬಿಸಿ ಮಾಡಬಾರದೆಂದಿದ್ದರೆ ಮಾತ್ರ ಮಾಡಬೇಡಿ. ಕುದಿಯುವ ನೀರು, ಹೇರ್ ಡ್ರೈಯರ್, ಒಲೆಯ ಉರಿ ಇವು ಫೋಮನ್ನು ಕೆಡಿಸುತ್ತವೆ. ಈ ಟಯರು ರಿಮ್ಮಿಗಿಂತ ಸ್ವಲ್ಪ ಚಿಕ್ಕದಾಗಿಯೇ ತಯಾರಾಗಿರುತ್ತದೆ, ಹಿಗ್ಗಿ ಕೂತಾಗ ಉಂಟಾಗುವ ಬಿಗಿಯೇ ಅದರ ಮುಖ್ಯ ಹಿಡಿತ.

ಟಯರಿನ ಪಕ್ಕದ ತೂತುಗಳಿಗೆ ಎಲ್ಲ ಪಿನ್ನುಗಳನ್ನೂ ಮೊದಲೇ ತೂರಿಸಿ, ಎರಡು ಕಡೆಯೂ ಸಮನಾಗಿ ಹೊರಗೆ ಕಾಣುವಂತೆ ಸರಿಪಡಿಸಿ. ಚಕ್ರವನ್ನು ಗೋಣಿಚೀಲದ ಮೇಲೆ ನಿಲ್ಲಿಸಿ, ಟಯರಿನ ಒಂದು ಜಾಗವನ್ನು ವಾಲ್ವ್ ತೂತಿನ ಮೇಲಿಟ್ಟು ಪಟ್ಟಿಯಿಂದ ರಿಮ್ಮಿಗೆ ಬಿಗಿಯಿರಿ. ಎರಡೂ ಕೈಗಳಿಂದ ಎಡಕ್ಕೂ ಬಲಕ್ಕೂ ಏಕಕಾಲದಲ್ಲಿ ಟಯರನ್ನು ಎಳೆಯುತ್ತ ಕೆಳಗಿಳಿಯಿರಿ. ಒಂದೇ ದಿಕ್ಕಿನಲ್ಲಿ ಸುತ್ತುತ್ತ ಹೋದರೆ ಸಡಿಲವೆಲ್ಲ ಒಂದು ಕಡೆ, ಬಿಗಿಯೆಲ್ಲ ಇನ್ನೊಂದು ಕಡೆ ಸೇರುತ್ತದೆ. ಕೊನೆಯ ಗೇಣು ಹೋಗದಿರುವುದಕ್ಕೆ ಬಹುಪಾಲು ಕಾರಣ ಇದೇ. ಅರ್ಧ ದಾಟಿದ ಬಳಿಕ ಕೂತ ಭಾಗ ಹಿಂದಕ್ಕೆ ಜಾರದಂತೆ ಎರಡೂ ತುದಿಗಳಲ್ಲಿ ಕೇಬಲ್ ಟೈ ಕಟ್ಟಿ. ಕೊನೆಯ ಗೇಣಿಗೆ ಲಿವರನ್ನು ನಡುವಿನಲ್ಲಿ ಹಾಕದೆ, ಒಂದು ತುದಿಯಿಂದ ಎರಡೆರಡು ಬೆರಳಿನಷ್ಟು ಒಳಗೆಳೆಯುತ್ತ ಬನ್ನಿ.

ಟಯರು ಪೂರ್ತಿ ರಿಮ್ಮಿನ ಮೇಲೆ ಬಂದರೂ ಪಿನ್ನು ಒತ್ತಲು ಆತುರಪಡಬೇಡಿ. ಚಕ್ರವನ್ನು ತಿರುಗಿಸುತ್ತ ಟಯರಿನ ಎತ್ತರ ಎಲ್ಲ ಕಡೆ ಸಮವಿದೆಯೇ ನೋಡಿ, ಇಲ್ಲದಿದ್ದರೆ ಉಬ್ಬಿದ ಕಡೆಯಿಂದ ತಗ್ಗಿದ ಕಡೆಗೆ ಅಂಗೈಯಿಂದ ಉಜ್ಜಿ ಸರಿಸಿ. ಮೊದಲು ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಹೀಗೆ ಗಡಿಯಾರದ 12, 6, 9, 3ರ ಜಾಗಗಳಲ್ಲಿ ಒಂದೊಂದು ಪಿನ್ನನ್ನು ಒತ್ತಿ ಕೂರಿಸಿ, ಆಮೇಲೆ ನಡುವಿನವನ್ನು ತುಂಬಿ. ಒಂದು ಪಕ್ಕದ ಎಲ್ಲ ತುದಿಗಳು ಮುಗಿದ ಬಳಿಕ ಚಕ್ರವನ್ನು ಮಗುಚಿ ಇನ್ನೊಂದು ಪಕ್ಕ. ಪಿನ್ನಿನ ತುದಿ ರಿಮ್ಮಿನ ಕೊಕ್ಕೆಯ ಕೆಳಗೆ ಸೇರಿದಾಗ ಕೈಗೆ ಸಣ್ಣದೊಂದು 'ಟಕ್' ತಿಳಿಯುತ್ತದೆ. ಆ ಟಕ್ ತಿಳಿಯದ ಪಿನ್ನು ಕೂತಿಲ್ಲ, ಹೊರಗಿನಿಂದ ಕೂತಂತೆ ಕಂಡರೂ ಕೂತಿಲ್ಲ. ಅಂಥದ್ದನ್ನು ಸೀಮೆಸುಣ್ಣದಿಂದ ಗುರುತಿಸಿ, ಕೊನೆಯಲ್ಲಿ ಮತ್ತೊಮ್ಮೆ ಒತ್ತಿ.

ಈ ಬಗೆಯ ಟಯರಿಗೆ ಸೋಪಿನ ನೀರನ್ನು ಸಾಧ್ಯವಾದಷ್ಟು ಬಳಸಬೇಡಿ. ಕೂರಿಸಲು ಸುಲಭ ಮಾಡುವ ಜಾರಿಕೆಯೇ ರಸ್ತೆಯಲ್ಲಿ ಟಯರು ರಿಮ್ಮಿನ ಮೇಲೆ ತಿರುಗಲು ಕಾರಣವಾಗುತ್ತದೆ.

ಗಟ್ಟಿ ಟ್ಯೂಬು. ಹಳೆಯ ಟಯರಿನ ಒಳಗೆ ಬೆರಳಾಡಿಸಿ, ಸಿಕ್ಕಿಕೊಂಡಿರುವ ಮುಳ್ಳು, ಗಾಜಿನ ಚೂರನ್ನೆಲ್ಲ ತೆಗೆಯಿರಿ. ಟಯರಿನ ಒಂದು ಅಂಚನ್ನು ಮಾತ್ರ ರಿಮ್ಮಿಗೆ ಹಾಕಿ, ಫೋಮಿನ ಉಂಗುರವನ್ನು ತಿರುಚಿಕೊಳ್ಳದಂತೆ ಟಯರಿನೊಳಗೆ ಸೇರಿಸಿ. ಎರಡನೆಯ ಅಂಚನ್ನು ಹಾಕುವಾಗ ಫೋಮು ಹೊರಗೆ ಉಬ್ಬಿ ಅಡ್ಡ ಬರುತ್ತದೆ. ಇಲ್ಲಿ ಕೇಬಲ್ ಟೈ ಬೇಕಾಗುತ್ತದೆ: ಟಯರು, ಫೋಮು, ರಿಮ್ಮು ಮೂರನ್ನೂ ಸೇರಿಸಿ ಒಂದೊಂದು ಗೇಣಿಗೆ ಒಂದರಂತೆ ಬಿಗಿದು, ಫೋಮನ್ನು ಕುಗ್ಗಿಸಿ, ಟೈಗಳ ನಡುವಿನ ಅಂಚನ್ನು ಲಿವರಿನಿಂದ ಒಳಗೆ ಹಾಕಿ. ಸೋಪಿನ ನೀರನ್ನು ಟಯರಿನ ಅಂಚಿಗೆ ಮಾತ್ರ ಸವರಿ, ಕೆಲಸವಾದ ಮೇಲೆ ಒಂದು ರಾತ್ರಿ ಒಣಗಲು ಬಿಡಿ.

ಗಾಳಿಯ ಟಯರಿನ ಅಂಚನ್ನು ರಿಮ್ಮಿಗೆ ಅದುಮಿ ಹಿಡಿದಿರುವುದು ಒಳಗಿನ ಒತ್ತಡ. ಆ ಕೆಲಸವನ್ನು ಇಲ್ಲಿ ಫೋಮೇ ಮಾಡಬೇಕು. ಸಲೀಸಾಗಿ ಒಳಗೆ ಹೋದ ಫೋಮು ಆ ಕೆಲಸಕ್ಕೆ ಚಿಕ್ಕದು ಎಂದೇ ತಿಳಿಯಿರಿ. ಟಯರನ್ನು ಹೆಬ್ಬೆರಳಿನಿಂದ ಪಕ್ಕಕ್ಕೆ ತಳ್ಳಿದಾಗ ಅಂಚು ರಿಮ್ಮಿನಿಂದ ಬಿಟ್ಟುಕೊಂಡರೆ, ಆ ಟ್ಯೂಬನ್ನು ಹಿಂದಿರುಗಿಸಿ ದೊಡ್ಡದನ್ನು ತನ್ನಿ. ಎರಡು ತುಂಡು ಫೋಮನ್ನು ಅಂಟಿಸಿ ಉದ್ದ ಮಾಡುವುದು, ಹಳೆಯ ಟ್ಯೂಬನ್ನು ಕತ್ತರಿಸಿ ಸಂದಿಗೆ ತುರುಕುವುದು ಇವೆಲ್ಲ ಹತ್ತು ಕಿಲೋಮೀಟರಿನ ಉಪಾಯಗಳು.

## ಹಂತ 6: ಹತ್ತುವ ಮೊದಲಿನ ಪರೀಕ್ಷೆ

ಪೇಂಟ್ ಮಾರ್ಕರಿನಿಂದ ರಿಮ್ಮಿನ ಮೇಲಿಂದ ಟಯರಿನ ಪಕ್ಕದವರೆಗೆ ಒಂದೇ ನೇರ ಗೆರೆ ಎಳೆಯಿರಿ. ಚಕ್ರದ ಎರಡು ಎದುರು ಜಾಗಗಳಲ್ಲಿ ಎಳೆದರೆ ಇನ್ನೂ ಒಳ್ಳೆಯದು. ರಿಮ್ಮಿಗೆ ಒತ್ತುವ ಬ್ರೇಕು ಇದ್ದರೆ, ಬ್ರೇಕ್ ಕಟ್ಟೆ ತಾಗುವ ಜಾಗದ ಗೆರೆ ಅಳಿಸಿಹೋಗುವುದರಿಂದ, ಆ ಜಾಗದಾಚೆಗೂ ಗೆರೆಯನ್ನು ಮುಂದುವರಿಸಿ. ಟಯರು ರಿಮ್ಮಿನ ಮೇಲೆ ಒಂದು ಮಿಲಿಮೀಟರ್ ತಿರುಗಿದರೂ ಈ ಗೆರೆ ಮುರಿದು ಕಾಣುತ್ತದೆ.

ಚಕ್ರವನ್ನು ಸೈಕಲ್ಲಿಗೆ ಜೋಡಿಸಿ, ಆಕ್ಸಲಿನ ನಟ್ಟು ಬಿಗಿದು, ಗಾಳಿಯಲ್ಲಿ ತಿರುಗಿಸಿ. ಟಯರು ಮಡ್‌ಗಾರ್ಡಿಗೋ ಫೋರ್ಕಿಗೋ ತಾಗಬಾರದು. ಒಂದು ಹಾಳೆಯ ಮೂಲೆಯನ್ನು ಟಯರು ಮತ್ತು ರಿಮ್ಮಿನ ಸಂದಿಗೆ ಹಿಡಿದು ಸುತ್ತಲೂ ನೋಡಿ. ಹಾಳೆ ಎಲ್ಲಾದರೂ ಒಳಗೆ ಇಳಿದರೆ ಅಲ್ಲಿ ಟಯರು ಕೂತಿಲ್ಲ. ಕೊನೆಗೆ ಸೈಕಲ್ಲನ್ನು ನಿಲ್ಲಿಸಿ, ಬ್ರೇಕು ಹಿಡಿದು, ಮೈಭಾರ ಹಾಕಿ ಮುಂದಕ್ಕೆ ಹಿಂದಕ್ಕೆ ಹತ್ತು ಬಾರಿ ಜೋರಾಗಿ ತಳ್ಳಿ, ಗೆರೆ ನೋಡಿ.

## ಹಂತ 7: ಮೊದಲ ನೂರು ಕಿಲೋಮೀಟರ್

ಮೊದಲ ಸವಾರಿ ಒಂದು ಕಿಲೋಮೀಟರಿಗಿಂತ ಹೆಚ್ಚಿರಬಾರದು; ಖಾಲಿ ರಸ್ತೆಯಲ್ಲಿ, ಹಗಲಿನಲ್ಲಿ, ನಡೆಯುವವರಿಗಿಂತ ತುಸು ಹೆಚ್ಚು ವೇಗದಲ್ಲಿ ಹೋಗಿ. ಎಡಕ್ಕೂ ಬಲಕ್ಕೂ ಎಂಟರ ಆಕಾರದಲ್ಲಿ ಸುತ್ತಿ, ಇಳಿದು ಗೆರೆ ನೋಡಿ. ಮತ್ತೆ ಹತ್ತು ಕಿಲೋಮೀಟರಿಗೆ ಒಮ್ಮೆ, ಐವತ್ತಕ್ಕೆ ಒಮ್ಮೆ, ನೂರಕ್ಕೆ ಒಮ್ಮೆ ನೋಡಿ. ನೂರರ ಹೊತ್ತಿಗೆ ಕಡ್ಡಿಗಳನ್ನೂ ಮತ್ತೆ ಹಿಸುಕಿ ನೋಡಬೇಕು; ಗಟ್ಟಿ ಟಯರಿನ ಕಂಪನಕ್ಕೆ ನಿಪ್ಪಲುಗಳಷ್ಟೇ ಅಲ್ಲ, ಮಡ್‌ಗಾರ್ಡ್ ಮತ್ತು ಕ್ಯಾರಿಯರಿನ ಸ್ಕ್ರೂಗಳೂ ಸಡಿಲಗೊಳ್ಳುತ್ತವೆ.

ಸವಾರಿಯ ರೂಢಿಯನ್ನೂ ತುಸು ಬದಲಿಸಬೇಕಾಗುತ್ತದೆ. ಗುಂಡಿ ಬಂದಾಗ ಸೀಟಿನಿಂದ ಸ್ವಲ್ಪ ಮೇಲೆದ್ದು ಮೊಣಕಾಲನ್ನು ಬಾಗಿಸಿದರೆ ಪೆಟ್ಟಿನ ಒಂದು ಭಾಗವನ್ನು ದೇಹ ತೆಗೆದುಕೊಂಡು ಕಡ್ಡಿಗಳು ಉಳಿಯುತ್ತವೆ. ಒದ್ದೆ ರಸ್ತೆಯಲ್ಲಿ, ಅದರಲ್ಲೂ ಬಿಳಿ ಬಣ್ಣದ ಪಟ್ಟೆ ಮತ್ತು ಕಬ್ಬಿಣದ ಮುಚ್ಚಳಗಳ ಮೇಲೆ, ತಿರುಗುವುದಕ್ಕಿಂತ ಮುಂಚೆಯೇ ಬ್ರೇಕು ಹಿಡಿದು ಮುಗಿಸಿರಬೇಕು.

## ಹಂತ 8: ಅಪಾಯದ ಸೂಚನೆಗಳು

ಗೆರೆ ಮುರಿದಿದ್ದರೆ ಟಯರು ರಿಮ್ಮಿನ ಮೇಲೆ ಸರಿಯುತ್ತಿದೆ. ಮೊದಲ ದಿನ ಒಂದೆರಡು ಮಿಲಿಮೀಟರ್ ಸರಿದು ನಿಂತರೆ ಅದು ಕೂತುಕೊಂಡದ್ದು. ನೋಡಿದಾಗಲೆಲ್ಲ ಹೆಚ್ಚುತ್ತಿದ್ದರೆ ಓಡಿಸುವುದನ್ನು ನಿಲ್ಲಿಸಿ, ಪಿನ್ನಿನ ಅಳತೆ ಅಥವಾ ಫೋಮಿನ ದಪ್ಪವನ್ನು ಮರುಪರಿಶೀಲಿಸಿ.

ಚಕ್ರದ ಪ್ರತಿ ಸುತ್ತಿಗೆ ಒಮ್ಮೆ ಸೀಟಿನ ಕೆಳಗೆ ಕುಟ್ಟಿದಂತಾದರೆ ಎರಡು ಕಾರಣಗಳಿರಬಹುದು. ಟಯರು ಒಂದು ಕಡೆ ಉಬ್ಬಿ ಕೂತಿರಬಹುದು, ಅಥವಾ ಭಾರ ಹೇರಿದ ಸೈಕಲ್ಲು ದಿನಗಟ್ಟಲೆ ಒಂದೇ ಜಾಗದಲ್ಲಿ ನಿಂತು ಫೋಮು ಅಲ್ಲಿ ಚಪ್ಪಟೆಯಾಗಿರಬಹುದು. ಚಪ್ಪಟೆಯಾದದ್ದು ಕೆಲವೊಮ್ಮೆ ಬಿಸಿಲಿನಲ್ಲಿ ಓಡಿಸಿದಾಗ ತಾನೇ ಸರಿಹೋಗುತ್ತದೆ. ಉಬ್ಬು ಹೋಗುವುದಿಲ್ಲ, ಬಿಚ್ಚಿಯೇ ಕೂರಿಸಬೇಕು. ಬಹಳ ದಿನ ನಿಲ್ಲಿಸುವುದಿದ್ದರೆ ಚಕ್ರ ನೆಲಕ್ಕೆ ತಾಗದಂತೆ ನಿಲ್ಲಿಸಿ.

ರಾಯಚೂರು, ಕಲಬುರಗಿಗಳ ಬೇಸಿಗೆಯಲ್ಲಿ ಉಷ್ಣತೆ 40 ಡಿಗ್ರಿ ದಾಟುತ್ತದೆ, ಬಿಸಿಲಿನಲ್ಲಿ ನಿಂತ ಕಪ್ಪು ಟಯರು ಅದಕ್ಕಿಂತಲೂ ಹೆಚ್ಚು ಕಾಯುತ್ತದೆ. ಕೂರಿಸುವಾಗ ಬಿಸಿಲು ನಮಗೆ ಮಾಡಿದ ಸಹಾಯವನ್ನೇ ಆಗ ಟಯರು ಕಳಚುವುದಕ್ಕೂ ಮಾಡುತ್ತದೆ. ಮಧ್ಯಾಹ್ನ ಬಿಸಿಲಿನಿಂದ ಸೈಕಲ್ಲು ತೆಗೆಯುವಾಗ ಟಯರನ್ನು ಪಕ್ಕಕ್ಕೆ ಒಮ್ಮೆ ತಳ್ಳಿ ನೋಡುವ ಅಭ್ಯಾಸವಿಟ್ಟುಕೊಳ್ಳಿ. ಆಗುಂಬೆ, ಚಾರ್ಮಾಡಿಯಂಥ ಘಾಟಿ ಇಳಿಯುವಾಗ ರಿಮ್ಮಿಗೆ ಒತ್ತುವ ಬ್ರೇಕು ಎಡೆಬಿಡದೆ ಹಿಡಿದರೆ ರಿಮ್ಮೇ ಕಾದು ಅದೇ ಪರಿಣಾಮವಾಗಬಹುದು; ನಡುನಡುವೆ ನಿಂತು ಆರಲು ಬಿಡಿ.

ಪಿನ್ನಿನ ತುದಿ ಹೊರಗೆ ಇಣುಕುವುದು, ಫೋಮಿನ ಮೈ ಅಂಟಂಟಾಗುವುದು ಅಥವಾ ಪುಡಿ ಉದುರುವುದು, ಪಕ್ಕದಲ್ಲಿ ಬಿರುಕು ಕಾಣುವುದು ಇವು ಟಯರು ಬದಲಿಸಬೇಕಾದ ಲಕ್ಷಣಗಳು. ಪಾಲಿಯುರಿಥೇನಿನ ಕೆಲವು ಬಗೆಗಳು ತೇವದಿಂದಲೇ ನಿಧಾನವಾಗಿ ಶಿಥಿಲವಾಗುತ್ತವೆ, ಆದ್ದರಿಂದ ಮೇಲಿನ ಕಚ್ಚು ಸವೆಯದಿದ್ದರೂ ಟಯರಿನ ಆಯುಸ್ಸು ಮುಗಿದಿರಬಹುದು. ತೆಗೆಯುವಾಗ ಎಳೆದಾಡಬೇಡಿ, ಪಿನ್ನುಗಳನ್ನು ಇಕ್ಕಳದಿಂದ ಕತ್ತರಿಸಿ, ಟಯರನ್ನು ರಿಮ್ಮಿಗೆ ತಾಗದಂತೆ ಹ್ಯಾಕ್‌ಸಾದಿಂದ ಒಂದು ಕಡೆ ಕೊಯ್ದರೆ ತಾನೇ ಬಿಡಿಸಿಕೊಳ್ಳುತ್ತದೆ.

## ಬೇರೆ ಗಾಲಿಗಳಿಗೆ ಬದಲಾಗುವ ಅಂಶಗಳು

ಗಾಲಿಕುರ್ಚಿಯ ಹಿಂದಿನ ಚಕ್ರಕ್ಕೆ 24 ಇಂಚು ಎನ್ನುತ್ತಾರೆ, ಆದರೆ ಸಾಮಾನ್ಯವಾಗಿ ಅದರ ರಿಮ್ಮು 540 ಮಿ.ಮೀ.ನದು, ಮಕ್ಕಳ ಸೈಕಲ್ಲಿನ 24 × 1.75 ಟಯರಿನದು 507. ಅಲ್ಲಿ ಎರಡೂ ಚಕ್ರಗಳ ಟಯರನ್ನು ಒಟ್ಟಿಗೇ ಬದಲಿಸಬೇಕು, ಇಲ್ಲದಿದ್ದರೆ ಕುರ್ಚಿ ಒಂದು ಕಡೆಗೆ ಎಳೆಯುತ್ತದೆ. ಅದಕ್ಕಿಂತ ಮುಖ್ಯವಾದದ್ದು, ಕುರ್ಚಿಯನ್ನು ನಿಲ್ಲಿಸುವ ಬ್ರೇಕು ಸಾಮಾನ್ಯವಾಗಿ ಟಯರಿನ ಮೈಗೇ ಒತ್ತುತ್ತದೆ. ಹೊಸ ಟಯರಿನ ಎತ್ತರ ಎರಡು ಮೂರು ಮಿಲಿಮೀಟರ್ ಕಡಿಮೆಯಾದರೂ ಬ್ರೇಕು ಹಾಕಿದಂತೆ ಕಂಡರೂ ಹಿಡಿತ ಸಿಗದೆ ಹೋಗಬಹುದು. ಬ್ರೇಕಿನ ಕ್ಲಾಂಪನ್ನು ಸರಿಸಿ, ಇಳಿಜಾರಿನಲ್ಲಿ ಕುರ್ಚಿಯಲ್ಲಿ ಭಾರವಿಟ್ಟು ಪರೀಕ್ಷಿಸದೆ ಯಾರನ್ನೂ ಕೂರಿಸಬೇಡಿ.

ಮಣ್ಣು ಹೊರುವ ಒಂಟಿ ಗಾಲಿಯ ಕೈಗಾಡಿಗೆ ಟಯರು ಮಾತ್ರ ಬದಲಿಸುವ ಪರಿಶ್ರಮ ವ್ಯರ್ಥ. ಗಟ್ಟಿ ಟಯರು ಕೂತೇ ಬರುವ ಇಡೀ ಗಾಲಿಯನ್ನು ಕೊಳ್ಳಿ. ಆಕ್ಸಲ್ ತೂರುವ ತೂತಿನ ವ್ಯಾಸ, ಹಬ್ಬಿನ ಉದ್ದ, ಗಾಲಿಯ ಒಟ್ಟು ಎತ್ತರ ಈ ಮೂರನ್ನು ಬರೆದುಕೊಂಡು ಹೋದರೆ ಸಾಕು.

ನಿಂತು ಓಡಿಸುವ ವಿದ್ಯುತ್ ಸ್ಕೂಟರಿನ 8.5 ಇಂಚಿನ ಜೇನುಗೂಡು ಟಯರು ಕೂರಿಸುವುದು ಸೈಕಲ್ಲಿನದಕ್ಕಿಂತ ಕಷ್ಟ, ಏಕೆಂದರೆ ಚಿಕ್ಕ ಉಂಗುರ ಹಿಗ್ಗುವುದು ಕಡಿಮೆ. ಟಯರನ್ನು ಬಿಸಿನೀರಿನಲ್ಲಿ ಮುಳುಗಿಸಿ ಬಿಸಿಯಿರುವಾಗಲೇ ಉದ್ದನೆಯ ಕಬ್ಬಿಣದ ಲಿವರುಗಳಿಂದ ಏರಿಸಬೇಕು. ಮುಳುಗಿಸುವುದು ಟಯರನ್ನು ಮಾತ್ರ. ಮೋಟಾರು ಚಕ್ರದೊಳಗೇ ಇರುವ ಮಾದರಿಗಳಲ್ಲಿ ಚಕ್ರಕ್ಕೆ ನೀರು ತಾಗಬಾರದು, ಅದರ ವೈರಿನ ಮೇಲೆ ಭಾರ ಬೀಳಬಾರದು. ಬಳಿಕ ಹ್ಯಾಂಡಲ್ ಮಡಚುವ ಕೀಲಿನ ಬೋಲ್ಟನ್ನು ವಾರಕ್ಕೊಮ್ಮೆ ನೋಡಿ. ಕಂಪನಕ್ಕೆ ಮೊದಲು ಸಡಿಲವಾಗುವ ಜಾಗಗಳಲ್ಲಿ ಅದೂ ಒಂದು.

ಮೋಟಾರು ಸೈಕಲ್ಲಿಗೆ, ಕೂತು ಓಡಿಸುವ ಸ್ಕೂಟರಿಗೆ, ಕಾರಿಗೆ ಇವುಗಳಲ್ಲಿ ಯಾವುದನ್ನೂ ಮನೆಯಲ್ಲಿ ಪ್ರಯತ್ನಿಸಬೇಡಿ. ಆ ವೇಗಕ್ಕೆ ಗಟ್ಟಿ ಟಯರಿನೊಳಗೆ ಹುಟ್ಟುವ ಶಾಖ ಹೊರಗೆ ಹೋಗಲು ದಾರಿಯಿರುವುದಿಲ್ಲ. ಮಿಶೆಲಿನ್ ಕಂಪನಿ 2019ರಲ್ಲಿ ಜನರಲ್ ಮೋಟಾರ್ಸ್ ಜೊತೆಗೂಡಿ ಪ್ರದರ್ಶಿಸಿದ ಉಪ್ಟಿಸ್‌ನಂಥ ಕಾರಿನ ಗಾಳಿರಹಿತ ಟಯರಿನ ರಚನೆಯೇ ಬೇರೆ: ಅದರಲ್ಲಿ ಫೋಮು ತುಂಬಿರುವುದಿಲ್ಲ, ಬಾಗುವ ಪಟ್ಟಿಗಳು ಕಡ್ಡಿಗಳಂತೆ ಭಾರ ಹೊರುತ್ತವೆ, ಟಯರೂ ಚಕ್ರವೂ ಒಂದೇ ಜೋಡಣೆ. ಅಲ್ಲದೆ ನಮ್ಮಲ್ಲಿ 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ರಸ್ತೆ ರೋಲರಿನಂಥ ಕೆಲವನ್ನು ಬಿಟ್ಟು ಮೋಟಾರು ವಾಹನಗಳಿಗೆ ಗಾಳಿ ತುಂಬಿದ ಟಯರನ್ನೇ ಕೇಳುತ್ತವೆ.